ಐಕಿಡೋ ಪಥಪ್ರವರ್ತಕ ಮೊರಿಹೆ ಉಯೆಶಿಬ

ಅಗರ, ಮಾಂಬಳ್ಳಿ, ಯಳಂದೂರು, ಕೊಳ್ಳೇಗಾಲಗಳನ್ನೊಳಗೊಂಡ ನಮ್ಮ ಈ ಸೀಮೆಯಲ್ಲಿ ಗರಡಿಮನೆಯೆಂದರೆ ಏನೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾದುದಿಲ್ಲ. ತಗ್ಗಾದ ಬಾಗಿಲು, ಹದಗೊಳಿಸಿದ ಕೆಮ್ಮಣ್ಣು, ಗೋಡೆಯ ಮೇಲಣ ಆಂಜನೇಯ, ಅಖಾಡಕ್ಕಿಳಿಯುವ ಮುನ್ನ ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಳ್ಳುವ ಹುಡುಗರು, ಅವರನ್ನು ಕಣ್ಸನ್ನೆಯಲ್ಲಿಯೇ ನಡೆಸುವ ಉಸ್ತಾದರು, ಇವೆಲ್ಲ ಮೈಸೂರು ಸೀಮೆಯ ಹಿರಿಯರ ನೆನಪಿನಲ್ಲಿ ಹಾಸುಹೊಕ್ಕಾಗಿವೆ. ಇಂಥದೇ ಒಂದು ಸಂಸ್ಕಾರ ಜಪಾನ್ ದೇಶದಲ್ಲಿಯೂ ಬೆಳೆದುಬಂದಿದೆ. ಅಲ್ಲಿಯ ಗರಡಿಗೆ ಡೋಜೊ ಎಂದು ಹೆಸರು. ಬುದ್ಧನು ಜ್ಞಾನೋದಯ ಪಡೆದ ಸ್ಥಳವನ್ನು ಸೂಚಿಸುವ ಬೋಧಿಮಂಡ ಎಂಬ ಸಂಸ್ಕೃತ ಶಬ್ದಕ್ಕೆ ಚೀನೀ ಬೌದ್ಧರು ಮಾಡಿಕೊಂಡ ಅನುವಾದವೇ ಜಪಾನಿಗೆ ಸಾಗಿ, ಕಾಲಾನಂತರ ಸಾಮು ಮಾಡುವ ಮನೆಗೆ ಹೆಸರಾಯಿತೆಂಬುದು ನಮಗೆ ಸೋಜಿಗವನ್ನುಂಟುಮಾಡುವ ಸಂಗತಿ. ಆ ಡೋಜೊಗಳ ಪರಂಪರೆಯಲ್ಲಿ ಐಕಿಡೋ ಎಂಬ ಹೊಸ ಪಥವನ್ನು ಪ್ರವರ್ತಿಸಿದವರು ಮೊರಿಹೆ ಉಯೆಶಿಬ. ಐ ಎಂದರೆ ಕೂಡುವಿಕೆ, ಕಿ ಎಂದರೆ ಪ್ರಾಣಶಕ್ತಿ, ಡೋ ಎಂದರೆ ಮಾರ್ಗ.

ಉಯೆಶಿಬ ಅವರು 1883ರ ಡಿಸೆಂಬರ್ 14ರಂದು ವಾಕಾಯಾಮ ಪ್ರಾಂತದ ತನಾಬೆ ಎಂಬ ಕಡಲತಡಿಯ ಊರಿನಲ್ಲಿ ಜನಿಸಿದರು. ತಂದೆ ಯೊರೊಕು ಭೂಮಿಕಾಣಿಯುಳ್ಳ ಗೃಹಸ್ಥರು, ಊರಿನ ಪೌರಸಭೆಯಲ್ಲಿ ಸದಸ್ಯರಾಗಿದ್ದ ಗಣ್ಯರು. ಮುಂದೆ ಜಗಜಟ್ಟಿಯೆನಿಸಿದ ಈ ಬಾಲಕ ಹುಟ್ಟಿನಿಂದ ಕೃಶಕಾಯ, ಪದೇಪದೇ ಕಾಯಿಲೆ ಬೀಳುತ್ತಿದ್ದವನು, ಪುಸ್ತಕದ ಹುಳು. ಬಾಲ್ಯದಲ್ಲಿ ಬೌದ್ಧ ದೇವಾಲಯವೊಂದರ ಅರ್ಚಕರ ಬಳಿ ಓದಿಗೆ ಕುಳಿತು, ಮಂತ್ರಗಳಲ್ಲಿಯೂ ಸಂತರ ಪವಾಡಕಥೆಗಳಲ್ಲಿಯೂ ಮುಳುಗಿಹೋಗುತ್ತಿದ್ದನು. ಮಗನ ಒಲವು ಹೀಗೆ ಒಂದೇ ಕಡೆಗೆ ವಾಲುವುದನ್ನು ಕಂಡು ತಂದೆ ಅವನನ್ನು ಈಜಿಗೂ ಸುಮೋ ಕುಸ್ತಿಗೂ ಹಚ್ಚಿದರು. ಈ ತಂದೆಯ ವಿಷಯವಾಗಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಮಗ ಟೋಕಿಯೋದಲ್ಲಿ ಅಂಗಡಿಯಿಟ್ಟು, ಅನಾರೋಗ್ಯದಿಂದ ಅದನ್ನು ಬಿಟ್ಟು ಮರಳಿದಾಗ ಅವರು ಜರೆಯಲಿಲ್ಲ. ಅವನಿಗೂ ನೆರೆಹೊರೆಯ ತರುಣರಿಗೂ ಅಭ್ಯಾಸವಾಗಲೆಂದು ತಮ್ಮ ಮನೆಯ ಉಗ್ರಾಣವನ್ನೇ ಡೋಜೊವಾಗಿ ಮಾರ್ಪಡಿಸಿ, ಹೊರಗಿನಿಂದ ಜೂಡೋ ಶಿಕ್ಷಕರೊಬ್ಬರನ್ನು ಕರೆಸಿದರು. ವಿದ್ಯೆಗೆ ಕೊಡುವ ದಾನ ಫಲಿಸಲು ಎಷ್ಟು ವರ್ಷ ಹಿಡಿದೀತೆಂಬ ಲೆಕ್ಕವನ್ನು ಯೊರೊಕು ಇಟ್ಟಂತೆ ಕಾಣದು. ಆ ಫಲವನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ.

ರಷ್ಯಾ-ಜಪಾನ್ ಯುದ್ಧದ ಮುನ್ನಾದಿನಗಳಲ್ಲಿ ಸೈನ್ಯಕ್ಕೆ ಸೇರಹೋದಾಗ ಎತ್ತರ ಸ್ವಲ್ಪ ಸಾಲದೆಂದು ಅಧಿಕಾರಿಗಳು ತಿರಸ್ಕರಿಸಿದರು. ತರುಣ ಉಯೆಶಿಬ ಕಾಲಿಗೆ ಭಾರ ಕಟ್ಟಿಕೊಂಡು ಮರದ ಕೊಂಬೆಗೆ ಜೋತುಬಿದ್ದು ಮೈಯನ್ನು ಹಿಗ್ಗಿಸಿಕೊಂಡು ಮರುಪರೀಕ್ಷೆಯಲ್ಲಿ ತೇರ್ಗಡೆಯಾದರೆಂದು ಅವರ ಚರಿತ್ರಕಾರರು ಬರೆಯುತ್ತಾರೆ. ಯುದ್ಧದಿಂದ ಊರಿಗೆ ಮರಳಿದ ಮೇಲೆ, ಗ್ರಾಮಗ್ರಾಮಗಳ ಪುಟ್ಟ ಗುಡಿಗಳನ್ನು ಮುಚ್ಚಿ ಒಂದುಗೂಡಿಸುವ ಸರ್ಕಾರದ ನೀತಿಯ ವಿರುದ್ಧ ಪ್ರಸಿದ್ಧ ನಿಸರ್ಗವಿಜ್ಞಾನಿ ಕುಮಾಗುಸು ಮಿನಾಕಾತ ನಡೆಸಿದ ಹೋರಾಟದಲ್ಲಿ ಅವರೂ ಭಾಗಿಯಾದರು.

1912ರಲ್ಲಿ ಅವರ ಬಾಳು ಒಂದು ದೊಡ್ಡ ತಿರುವನ್ನು ಪಡೆಯಿತು. ಜಪಾನಿನ ಉತ್ತರ ತುದಿಯ ಹೊಕ್ಕೈಡೋ ದ್ವೀಪದ ಕಾಡುಭೂಮಿಯನ್ನು ಸಾಗುವಳಿಗೆ ತರಲು ಸರ್ಕಾರವು ಜನರನ್ನು ಆಹ್ವಾನಿಸಿತ್ತು. ತನಾಬೆಯ ಸುತ್ತಣ 50ಕ್ಕೂ ಹೆಚ್ಚು ಕುಟುಂಬಗಳನ್ನು ಕಟ್ಟಿಕೊಂಡು, ಅವುಗಳ ಮುಂದಾಳಾಗಿ ಉಯೆಶಿಬ ಅಲ್ಲಿಯ ಶಿರಾತಾಕಿ ಎಂಬ ನಿರ್ಜನ ಪ್ರದೇಶಕ್ಕೆ ಹೋದರು. ಅಲ್ಲಿಯದು ಮೂಳೆ ಕೊರೆಯುವ ಚಳಿ, ಆಳೆತ್ತರದ ಹಿಮ. ಮೊದಲ ವರ್ಷಗಳ ಬೆಳೆ ಕೈಗೆ ಹತ್ತಲಿಲ್ಲ. ಪುದೀನ ಬೆಳೆದು, ಮರ ಕಡಿದು ಸಾಗಿಸಿ, ಹೇಗೋ ಜೀವನ ನಡೆಯಿತು. 1917ರಲ್ಲಿ ಬೆಂಕಿ ಬಿದ್ದು ಊರು ಸುಟ್ಟಿತು. ಸುಟ್ಟ ಊರನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಅವರು ಮುಂದೆ ನಿಂತರು. ಮರುವರ್ಷ ಗ್ರಾಮಸಭೆಗೆ ಆಯ್ಕೆಯಾದರು. ಮುಂದಿನ ದಿನಗಳಲ್ಲಿ ಉಯೆಶಿಬ ಅವರ ಡೋಜೊಗಳು ಬರಿಯ ಕುಸ್ತಿಯ ಶಾಲೆಗಳಾಗದೆ ಒಂದೊಂದು ಕುಟುಂಬದಂತೆ ಬೆಳೆದುದಕ್ಕೆ ಈ ಶಿರಾತಾಕಿಯ 7 ವರ್ಷಗಳೇ ಮೂಲವೆಂದು ನನ್ನ ಭಾವನೆ. ಕಾಯಕವನ್ನೂ ಕೂಡಿ ಬಾಳುವುದನ್ನೂ ಅವರು ಕಲಿತದ್ದು ಇಲ್ಲಿಯ ಹಿಮದಲ್ಲಿ.

ಅವರಿಗೆ ಗುರು ದೊರೆತುದೂ ಅಲ್ಲಿಯೇ. 1915ರಲ್ಲಿ ಎಂಗಾರು ಎಂಬ ಊರಿನಲ್ಲಿ ದೈತೊ-ರ್ಯು ಸಂಪ್ರದಾಯದ ಆಚಾರ್ಯ ಸೊಕಾಕು ತಕೆದಾ ಅವರನ್ನು ಕಂಡರು. ತಕೆದಾ ಕುಳ್ಳಗಿನ ವ್ಯಕ್ತಿ, ವಿದ್ಯೆಯಲ್ಲಿ ಅಸಾಧಾರಣರು, ಸ್ವಭಾವದಲ್ಲಿ ಕಠೋರರು, ಯಾರನ್ನೂ ನಂಬದವರು. ಕಲಿಸಿದ ಪಟ್ಟುಗಳಿಗೆ ಹೆಚ್ಚಿನ ದಕ್ಷಿಣೆಯನ್ನು ಪಡೆಯುತ್ತಿದ್ದರು. ಶಿಷ್ಯರು ಅವರಿಗೆ ಶಿರಾತಾಕಿಯಲ್ಲಿ ಮನೆಯನ್ನು ಒದಗಿಸಿ, ಅಡುಗೆ ಮಾಡಿಕೊಟ್ಟು, ಸ್ನಾನಕ್ಕೆ ನೀರು ಕಾಸಿ ಸೇವೆಗೈದರು. 1919ರ ಕೊನೆಯಲ್ಲಿ ತಂದೆಯ ಕಾಯಿಲೆಯ ತಂತಿ ಬಂದಾಗ ತಮ್ಮ ಮನೆಯನ್ನು ಗುರುವಿಗೇ ಬಿಟ್ಟುಕೊಟ್ಟು ಹೊರಟರು. ಗುರುವಿನ ಗುಣದೋಷಗಳೆರಡನ್ನೂ ಹತ್ತಿರದಿಂದ ಕಂಡ ಶಿಷ್ಯರವರು. ಮುಂದೆ ಇಬ್ಬರ ನಡುವಣ ಸಂಬಂಧ ಸೀದಾ ಉಳಿಯಲಿಲ್ಲ; ಆದರೆ ಐಕಿಡೋವಿನ ಪಟ್ಟುಗಳ ತಾಯಿಬೇರು ತಕೆದಾ ಅವರ ವಿದ್ಯೆಯಲ್ಲಿದೆಯೆಂಬುದು ನಿರ್ವಿವಾದ.

ತಂದೆಯನ್ನು ನೋಡಲು ಹೊರಟವರು ದಾರಿಯಲ್ಲಿ ಅಯಾಬೆ ಎಂಬಲ್ಲಿ ಇಳಿದರು. ಅಲ್ಲಿ ಓಮೊಟೊ ಎಂಬ ನೂತನ ಧಾರ್ಮಿಕ ಪಂಥದ ನಾಯಕ ಒನಿಸಬುರೊ ದೆಗುಚಿ ಅವರ ಪ್ರಾರ್ಥನೆಗೆ ಹೆಸರಾಗಿದ್ದರು. ತಂದೆಗಾಗಿ ಪ್ರಾರ್ಥನೆ ಮಾಡಿಸಿ ಊರು ತಲಪುವ ವೇಳೆಗೆ ತಂದೆ ಇರಲಿಲ್ಲ. 1920ರ ಜನವರಿ 2ರಂದು ತೀರಿಕೊಂಡಿದ್ದರು. ಶೋಕತಪ್ತರಾದ ಉಯೆಶಿಬ ಸಂಸಾರಸಮೇತರಾಗಿ ಅಯಾಬೆಗೆ ಹೋಗಿ ನೆಲೆಸಿದರು. ಅದೇ ವರ್ಷ ಅವರ ಇಬ್ಬರು ಎಳೆಯ ಗಂಡುಮಕ್ಕಳೂ ತೀರಿಕೊಂಡರು. ಒಂದೇ ಸಂವತ್ಸರದಲ್ಲಿ ಮೂರು ಸಾವುಗಳನ್ನು ಕಂಡ ಮನೆಯಲ್ಲಿ ಪತ್ನಿ ಹಾತ್ಸು ಹೇಗೆ ದಿನಗಳೆದರೆಂಬುದನ್ನು ಯಾವ ಚರಿತ್ರೆಯೂ ವಿಸ್ತರಿಸುವುದಿಲ್ಲ. ಉಯೆಶಿಬ ಅಲ್ಲಿ 18 ಚಾಪೆಗಳಷ್ಟು ಅಗಲದ ಸಣ್ಣ ಡೋಜೊವನ್ನು ತೆರೆದರು. ಪಂಥದ ಹೊಲಗಳಲ್ಲಿ ಬೇಸಾಯ ಮಾಡಿದರು. 1921ರಲ್ಲಿ ಮಗ ಕಿಶೊಮಾರು ಹುಟ್ಟಿದನು.

1924ರಲ್ಲಿ ದೆಗುಚಿ ಅವರೊಡನೆ, ಶಾಂತಿರಾಜ್ಯ ಕಟ್ಟುವ ಭ್ರಮೆಯಿಂದ, ಮಂಗೋಲಿಯಾದ ಕಡೆಗೆ ಸಾಹಸಯಾತ್ರೆ ಕೈಗೊಂಡು ಚೀನೀ ಪಡೆಗಳಿಗೆ ಸೆರೆಸಿಕ್ಕರು. ಕಾಲಿಗೆ ಸಂಕೋಲೆ ಬಿತ್ತು. ಇನ್ನೇನು ಗುಂಡಿಗೆ ಬಲಿಯಾಗಬೇಕೆನ್ನುವಷ್ಟರಲ್ಲಿ ಜಪಾನಿನ ದೂತಾವಾಸದ ಮಧ್ಯಪ್ರವೇಶದಿಂದ ಪಾರಾಗಿ ಬಂದರು. ಮರುವರ್ಷದ ವಸಂತದಲ್ಲಿ ಖಡ್ಗವಿದ್ಯೆಯಲ್ಲಿ ನುರಿತ ನೌಕಾಧಿಕಾರಿಯೊಬ್ಬನು ಅಯಾಬೆಗೆ ಬಂದು ಅವರನ್ನು ಪಂಥಕ್ಕೆ ಕರೆದನು. ಉಯೆಶಿಬ ಬರಿಗೈಯಲ್ಲಿ ನಿಂತು, ಅವನು ಬೀಸಿದ ಮರದ ಕತ್ತಿಯಿಂದ ಪ್ರತಿಬಾರಿಯೂ ತಪ್ಪಿಸಿಕೊಳ್ಳುತ್ತ, ಒಂದು ಏಟನ್ನೂ ಕೊಡದೆ, ಕೊನೆಗೆ ಅವನೇ ದಣಿದು ಕೂರುವಂತೆ ಮಾಡಿದರಂತೆ. ಆ ಬಳಿಕ ತೋಟದ ಬಾವಿಯಲ್ಲಿ ಮುಖ ತೊಳೆದು ನಿಂತಾಗ ಬಂಗಾರದ ಬೆಳಕು ತಮ್ಮನ್ನು ಆವರಿಸಿದಂಥ ಅನುಭವ ಅವರಿಗಾಯಿತು. ಶಿಷ್ಯರು ಹೇಳುವ ಇನ್ನೂ ಅನೇಕ ಅದ್ಭುತಗಳಿವೆ. ಅವುಗಳನ್ನೆಲ್ಲ ಇಲ್ಲಿ ಎಣಿಸಬೇಕಾದ ಅಗತ್ಯವಿಲ್ಲ. ಗೆಲ್ಲಬೇಕೆಂಬ ಹಂಬಲವೇ ಬಲಸಾಧನೆಯ ಗುರಿಯಲ್ಲವೆಂಬ ತಿಳಿವು ಅವರಲ್ಲಿ ಮೊಳೆತುದು ಆ ದಿನದಿಂದ ಎಂಬುದಷ್ಟೇ ನಮಗೆ ಮುಖ್ಯ. ಆದರೆ ಮೊಳೆತುದು ಮರವಾಗಲು ಮತ್ತೆ 17 ವರ್ಷಗಳೇ ಹಿಡಿದವು.

1927ರಲ್ಲಿ ಅವರು ಟೋಕಿಯೋದಲ್ಲಿ ನೆಲೆಸಿದರು. ನೌಕಾಸೇನೆಯ ಅಡ್ಮಿರಲ್ ಇಸಾಮು ತಕೆಶಿತ ಮೊದಲಾದವರು ಪೋಷಕರಾದರು. 1930ರಲ್ಲಿ ಜೂಡೋವಿನ ಸ್ಥಾಪಕರಾದ ಜಿಗೊರೊ ಕಾನೊ ಅವರು ಸ್ವತಃ ಬಂದು ನೋಡಿ, ಮೆಚ್ಚಿ, ತಮ್ಮ ಶಿಷ್ಯರನ್ನೇ ಕಲಿಯಲು ಕಳುಹಿಸಿದರು. ಮತ್ತೊಬ್ಬರ ವಿದ್ಯೆ ಹಿರಿದೆಂದು ಕಂಡಾಗ ಹೀಗೆ ಶಿಷ್ಯರನ್ನು ಒಪ್ಪಿಸಿಕೊಡುವ ಅಧ್ಯಾಪಕರು ಎಲ್ಲ ಕಾಲದಲ್ಲಿಯೂ ವಿರಳ. 1931ರಲ್ಲಿ 80 ಚಾಪೆಗಳ ಕೊಬುಕಾನ್ ಡೋಜೊ ತಲೆಯೆತ್ತಿತು. ಅಲ್ಲಿಯ ಅಭ್ಯಾಸದ ಕಾಠಿಣ್ಯವನ್ನು ಕಂಡ ಜನ ಅದನ್ನು ನರಕದ ಡೋಜೊ ಎಂದು ಕರೆದರು.

ಅಲ್ಲಿಯ ಸಹವಾಸಕ್ರಮ ನಮ್ಮ ಹಿಂದಿನ ಗುರುಕುಲಗಳನ್ನೂ, ಮಠದ ಪ್ರಸಾದನಿಲಯಗಳನ್ನೂ ನೆನಪಿಗೆ ತರುತ್ತದೆ. ಉಚಿದೆಶಿ ಎಂದು ಕರೆಯಲ್ಪಡುವ ಅಂತೇವಾಸಿ ಶಿಷ್ಯರು ಡೋಜೊವಿನಲ್ಲಿಯೇ ಉಂಡು, ಅಭ್ಯಾಸದ ಚಾಪೆಗಳ ಮೇಲೆಯೇ ಮಲಗುತ್ತಿದ್ದರು. ಬೆಳಗಿನ ಮೊದಲ ಪಾಠ ಪೊರಕೆಯದು. ನೆಲ ಗುಡಿಸಿ ಒರೆಸಿದ ಬಳಿಕವೇ ನಮಸ್ಕಾರ, ನಮಸ್ಕಾರದ ಬಳಿಕವೇ ಅಭ್ಯಾಸ. ಗುರು ಪ್ರವಾಸ ಹೊರಟರೆ ಅವರ ಗಂಟುಮೂಟೆ ಹೊತ್ತು ಹಿಂದೆ ನಡೆಯುವುದು, ರಾತ್ರಿ ಅವರ ಮೈಕೈ ಒತ್ತುವುದು, ಇವೂ ವಿದ್ಯಾಭ್ಯಾಸದ ಅಂಗಗಳೇ ಆಗಿದ್ದವು. ಗುರು ಯಾವ ಪಟ್ಟನ್ನೂ ಬಿಡಿಸಿ ವಿವರಿಸುತ್ತಿರಲಿಲ್ಲ. ಶಿಷ್ಯನೊಬ್ಬನನ್ನು ಕರೆದು ಎತ್ತಿಹಾಕುವರು; ಬಿದ್ದವನ ಮೈಗೆ ತಿಳಿದುದೇ ಪಾಠ. ತಕಾಕೊ ಕುನಿಗೊಶಿ ಎಂಬ ಚಿತ್ರಕಲೆ ಬಲ್ಲ ತರುಣಿಯೂ ಅಲ್ಲಿ ಗಂಡಸರ ಸಮಕ್ಕೆ ನಿಂತು ಕಲಿತರು. 1933ರಲ್ಲಿ ಹೊರಬಂದ ಅಭ್ಯಾಸಗ್ರಂಥಕ್ಕೆ ಚಿತ್ರಗಳನ್ನು ಬರೆದವರು ಅವರೇ.

ಅಭ್ಯಾಸದ ರೀತಿಯನ್ನೂ ಎರಡು ಮಾತಿನಲ್ಲಿ ಹೇಳುವುದು ಉಚಿತ. ಇಬ್ಬರು ಜೋಡಿಯಾಗಿ ನಿಲ್ಲುತ್ತಾರೆ. ಒಬ್ಬನು ಮಣಿಕಟ್ಟನ್ನು ಹಿಡಿಯುತ್ತಾನೆ ಅಥವಾ ಹೊಡೆಯಲು ಕೈಯೆತ್ತುತ್ತಾನೆ. ಇನ್ನೊಬ್ಬನು ಆ ಬಲವನ್ನು ಎದುರಿಸದೆ, ಪಕ್ಕಕ್ಕೆ ಸರಿದು, ಅದರ ಜೊತೆಗೇ ತಿರುಗಿ, ಬಂದವನ ಸಮತೋಲ ತಪ್ಪಿಸಿ ನೆಲಕ್ಕುರುಳಿಸುತ್ತಾನೆ. ಕೆಲವು ಬಾರಿಯ ಬಳಿಕ ಸರದಿ ಬದಲಾಗುತ್ತದೆ; ಬೀಳಿಸಿದವನು ಈಗ ಬೀಳಬೇಕು. ಆದಕಾರಣ ಪೆಟ್ಟಾಗದಂತೆ ಬೀಳುವುದನ್ನು ಎಲ್ಲಕ್ಕಿಂತ ಮೊದಲು ಕಲಿಸುತ್ತಾರೆ. ಉಯೆಶಿಬ ಪಂದ್ಯಗಳಿಗೆ ಅವಕಾಶ ಕೊಡಲಿಲ್ಲ. ನಮ್ಮ ಗರಡಿಯ ಸಾಧನೆ ದಸರಾ ಕುಸ್ತಿಯ ಕಣದಲ್ಲಿ ಒರೆಗೆ ಹತ್ತುತ್ತಿತ್ತು. ಐಕಿಡೋದಲ್ಲಿ ಅಂಥ ಕಣವಿಲ್ಲ. ಇದು ಹೆಚ್ಚೋ ಕಡಮೆಯೋ ಎಂಬ ಚರ್ಚೆ ಅವರ ಶಿಷ್ಯರಲ್ಲಿಯೇ ನಡೆಯಿತು. ಹಿರಿಯ ಶಿಷ್ಯರಾದ ಕೆಂಜಿ ತೊಮಿಕಿ ಪಂದ್ಯವಿರಬೇಕೆಂದು ಬೇರೆಯೇ ಹಾದಿ ಹಿಡಿದರು.

ಇನ್ನು ಈ ಬಾಳಿನ ಕಗ್ಗಂಟಾದ ಭಾಗಕ್ಕೆ ಬರಬೇಕು. ಕೊಬುಕಾನಿನ ಪೋಷಕರಲ್ಲಿಯೂ ಶಿಷ್ಯರಲ್ಲಿಯೂ ಸೇನಾಧಿಕಾರಿಗಳು ಬಹುಮಂದಿ. 1930ರ ದಶಕದಲ್ಲಿ ಜಪಾನು ಯುದ್ಧದ ಉನ್ಮಾದಕ್ಕೆ ಒಳಗಾದಂತೆ ಉಯೆಶಿಬ ಅವರ ವಿದ್ಯೆಗೆ ಬೇಡಿಕೆ ಏರಿತು. ಸೇನೆಯ ತೊಯಾಮ ಶಾಲೆ, ನೌಕಾ ವಿದ್ಯಾಲಯ, ಗೂಢಚಾರರನ್ನು ತರಬೇತುಗೊಳಿಸುತ್ತಿದ್ದ ನಕಾನೊ ಶಾಲೆಗಳಲ್ಲಿ ಅವರು ಪಾಠ ಹೇಳಿದರು. 1935ರಲ್ಲಿ ಸರ್ಕಾರ ಓಮೊಟೊ ಪಂಥವನ್ನು ನಿರ್ದಯವಾಗಿ ದಮನಮಾಡಿ ದೆಗುಚಿ ಅವರನ್ನು ಸೆರೆಗೆ ತಳ್ಳಿದಾಗ, ಪೊಲೀಸ್ ಅಧಿಕಾರಿಗಳಾಗಿದ್ದ ಶಿಷ್ಯರ ನೆರವಿನಿಂದ ಉಯೆಶಿಬ ಬಂಧನದಿಂದ ಉಳಿದುಕೊಂಡರು. ಭಕ್ತಿಯಿಂದ ಬರೆಯುವ ಚರಿತ್ರಕಾರರು ಈ ಸಂಗತಿಗಳನ್ನು ಬೇಗ ಬೇಗನೆ ದಾಟಿಹೋಗುತ್ತಾರೆ. ಹಾಗೆ ದಾಟಿದರೆ ಮುಂದಿನ ನಡೆಯ ಬೆಲೆ ನಮಗೆ ತಿಳಿಯದು. ಶಿಷ್ಯನು ವಿದ್ಯೆಯನ್ನು ಎಲ್ಲಿ ಪ್ರಯೋಗಿಸುತ್ತಾನೆಂಬುದಕ್ಕೆ ಗುರು ಎಷ್ಟರಮಟ್ಟಿಗೆ ಹೊಣೆ ಎಂಬ ಪ್ರಶ್ನೆ ಅವರ ಮನೆಯ ಬಾಗಿಲಿಗೇ ಬಂದು ನಿಂತಿತ್ತು.

1942ರಲ್ಲಿ, ಯುದ್ಧ ತಾರಕಕ್ಕೇರಿದ್ದಾಗಲೇ, ಅವರು ಅನಾರೋಗ್ಯದ ನಿಮಿತ್ತ ಹುದ್ದೆಗಳನ್ನೆಲ್ಲ ತ್ಯಜಿಸಿ, ಟೋಕಿಯೋದ ಡೋಜೊವನ್ನು ಇಪ್ಪತ್ತೊಂದರ ಮಗನಿಗೆ ವಹಿಸಿ, ಇಬಾರಾಕಿ ಪ್ರಾಂತದ ಇವಾಮ ಎಂಬ ಹಳ್ಳಿಗೆ ಹೊರಟುಹೋದರು. ಐಕಿಡೋ ಎಂಬ ಹೆಸರು ಅಧಿಕೃತವಾಗಿ ದಾಖಲಾದದ್ದೂ ಅದೇ ವರ್ಷ. ಅನಾರೋಗ್ಯ ನಿಜವೇ ಆಗಿತ್ತು. ಆದರೆ ವಿದ್ಯೆಯು ಕೊಲೆಗೆ ಸಾಧನವಾಗುವುದನ್ನು ಕಂಡ ಬೇಗುದಿ ಅದಕ್ಕಿಂತ ದೊಡ್ಡ ಕಾರಣವೆಂದು ಮಗನ ಬರೆಹಗಳಿಂದ ತಿಳಿಯುತ್ತದೆ. ಇವಾಮದಲ್ಲಿ ಮೊದಲು ಇದ್ದುದು ಬಡ ಗುಡಿಸಲಿನಂಥ ಮನೆ. ಗಂಡಹೆಂಡಿರು ಕಾಡು ಕಡಿದು ನೆಲ ಹಸನುಮಾಡಿ ಬತ್ತ ತರಕಾರಿ ಬೆಳೆದರು. ಹೊಲದ ಅಂಚಿನಲ್ಲಿ ಒಂದು ಪುಟ್ಟ ಗುಡಿ, ಅದರ ಬಳಿ ಒಂದು ಡೋಜೊ ಎದ್ದವು.

1945ರಲ್ಲಿ ಜಪಾನು ಸೋತಿತು. ಗೆದ್ದ ಸೈನ್ಯದ ಆಡಳಿತ ಕದನಕಲೆಗಳ ಮೇಲೆ ನಿರ್ಬಂಧ ಹೇರಿತು. ಬಾಂಬುದಾಳಿಯ ಕಿಚ್ಚಿನಿಂದ ಟೋಕಿಯೋದ ಡೋಜೊವನ್ನು ಕಿಶೊಮಾರು ಹೆಣಗಾಡಿ ಉಳಿಸಿಕೊಂಡಿದ್ದರು. ಮನೆ ಕಳೆದುಕೊಂಡ ಸಂಸಾರಗಳು ಅಭ್ಯಾಸದ ಚಾಪೆಗಳ ಮೇಲೆಯೇ ವರ್ಷಗಟ್ಟಲೆ ಬಿಡಾರ ಹೂಡಿದ್ದವು. ಅವರನ್ನು ಹೊರಗಟ್ಟದೆ, ಉಳಿದ ಮೂಲೆಯಲ್ಲಿಯೇ ಅಭ್ಯಾಸ ನಡೆಯಿತು. ಕಿಶೊಮಾರು ಹಗಲು ಒಂದು ಕಚೇರಿಯಲ್ಲಿ ದುಡಿದು ಡೋಜೊವಿನ ಖರ್ಚನ್ನು ಸರಿದೂಗಿಸಿದರು. 1948ರಲ್ಲಿ ಶಿಕ್ಷಣ ಇಲಾಖೆಯ ಮನ್ನಣೆ ಪಡೆದು ಐಕಿಕಾಯ್ ಸಂಸ್ಥೆ ಸ್ಥಾಪಿತವಾಯಿತು. ಸಂಸ್ಥೆಗೆ ಕೀರ್ತಿ ತಂದವರು ಗುರು. ಅದನ್ನು ಬದುಕಿಸಿದವರು ಮಗ ಮತ್ತು ಹಳೆಯ ವಿದ್ಯಾರ್ಥಿಗಳು.

ಇವಾಮಕ್ಕೆ 1946ರಲ್ಲಿ 18ರ ಹರೆಯದ ಮೊರಿಹಿರೊ ಸೈತೊ ಎಂಬ ತರುಣನು ಬಂದನು. ರೈಲ್ವೆಯಲ್ಲಿ ನೌಕರಿ. ಯುದ್ಧಾನಂತರದ ಹಸಿವಿನ ದಿನಗಳವು. ದೂರದ ಶಿಷ್ಯರು ಒಬ್ಬೊಬ್ಬರಾಗಿ ಕರಗಿದರು. ಸೈತೊ ಮಾತ್ರ ರೈಲಿನ ಪಾಳಿ ಮುಗಿಸಿ ಬಂದು ಗುರುವಿನ ಹೊಲದಲ್ಲಿ ದುಡಿಯುವರು, ಬಳಿಕ ಮರದ ಕತ್ತಿ ಮತ್ತು ದೊಣ್ಣೆಯ ವರಸೆಗಳನ್ನು ಕಲಿಯುವರು. ಹೀಗೆ 23 ವರ್ಷ. ಅವರ ಪತ್ನಿ ವೃದ್ಧ ದಂಪತಿಗಳ ಊಟೋಪಚಾರವನ್ನು ನೋಡಿಕೊಂಡರು. ನೇಗಿಲಗೆಯ್ಮೆ ಬೇರೆ, ಸಾಧನೆ ಬೇರೆ ಎಂಬ ಭೇದ ಇವಾಮದಲ್ಲಿರಲಿಲ್ಲ. ಕಾಯಕದ ತತ್ತ್ವದಲ್ಲಿ ಬೆಳೆದ ನಮಗೆ ಇದು ಅಪರಿಚಿತವೆನಿಸದು.

ಅಷ್ಟರಲ್ಲಿ ಶಿಷ್ಯರು ಫ್ರಾನ್ಸ್, ಅಮೆರಿಕ ಮೊದಲಾದ ದೇಶಗಳಿಗೆ ಹೋಗಿ ಡೋಜೊಗಳನ್ನು ತೆರೆದರು. 1961ರಲ್ಲಿ ಹವಾಯಿಯ ಡೋಜೊವಿನ ಆರಂಭೋತ್ಸವಕ್ಕೆ 77 ವರ್ಷದ ಗುರುಗಳು ಸ್ವತಃ ತೆರಳಿದರು. ಇಪ್ಪತ್ತು ವರ್ಷಗಳ ಹಿಂದೆ ಜಪಾನಿನ ವಿಮಾನಗಳು ಬಾಂಬು ಸುರಿದಿದ್ದ ದ್ವೀಪವದು. ಸೇನೆಗೆ ಪಾಠ ಹೇಳಿದ್ದ ಮುದುಕರು ಅಲ್ಲಿ ಬಿಳಿಗಡ್ಡ ಇಳಿಬಿಟ್ಟುಕೊಂಡು, ಅಮೆರಿಕದ ತರುಣರನ್ನು ಎದುರಿಗೆ ನಿಲ್ಲಿಸಿಕೊಂಡು, ಅವರಿಗೆ ಪೆಟ್ಟಾಗದಂತೆ ಬೀಳಿಸಿ ತೋರಿಸಿದರು.

1969ರ ಏಪ್ರಿಲ್ 26ರಂದು ಯಕೃತ್ತಿನ ಅರ್ಬುದರೋಗದಿಂದ ಉಯೆಶಿಬ ಕಾಲವಾದರು. ಸುಮಾರು ಎರಡು ತಿಂಗಳಲ್ಲಿ ಹಾತ್ಸು ಅವರೂ ಪತಿಯನ್ನು ಹಿಂಬಾಲಿಸಿದರು. ಟೋಕಿಯೋದ ಪೀಠದಲ್ಲಿ ಮಗನೂ, 1999ರ ಬಳಿಕ ಮೊಮ್ಮಗ ಮೊರಿತೆರು ಅವರೂ ಕುಳಿತರು. ಇವಾಮದ ಗುಡಿ ಮತ್ತು ಡೋಜೊಗಳ ಪಾಲನೆ ಸೈತೊ ಅವರ ಪಾಲಿಗೆ ಬಂದಿತು. 2002ರಲ್ಲಿ ತಾವು ತೀರಿಕೊಳ್ಳುವವರೆಗೆ ಅವರು ಅದನ್ನು ನಡೆಸಿದರು; ಅಲ್ಲಿಗೆ ಕಲಿಯಲು ಬಂದ ವಿದೇಶಗಳ ಅಂತೇವಾಸಿಗಳ ಕೈಗೂ ಮೊದಲು ದೊರೆಯುತ್ತಿದ್ದುದು ಪೊರಕೆಯೇ.