ರಾಜನ ಎಡ ಶ್ವಾಸಕೋಶದ ನೆರಳು

ಆರು ತಿಂಗಳು ಟಿಬಿ ಮಾತ್ರೆ ನುಂಗಿದ ಮೇಲೆ ನಮ್ಮ ದೊಡ್ಡಪ್ಪನಿಗೆ ಇರೋದು ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಯ್ತು. ಅದಾದ ಮೇಲೆ ಬ್ರಿಟನ್ನಿನ ಆರನೇ ಜಾರ್ಜ್ ದೊರೆಯ ಕತೆ ನನಗೆ ಬರೀ ಅರಮನೆಯ ಕತೆಯಾಗಿ ಉಳಿದಿಲ್ಲ.

1895ರಲ್ಲಿ ಹುಟ್ಟಿದ ಜಾರ್ಜ್ ಪಟ್ಟಕ್ಕೆ ಬರಬೇಕಾದವನೇ ಅಲ್ಲ. 1936ರಲ್ಲಿ ಅಣ್ಣ ಎಡ್ವರ್ಡ್ ಸಿಂಹಾಸನ ಬಿಟ್ಟ. ಉಗ್ಗುತ್ತಿದ್ದ ತಮ್ಮನ ತಲೆಗೆ ಕಿರೀಟ ಬಂತು. ಭಾರತದ ಕೊನೆಯ ಚಕ್ರವರ್ತಿ ಈತನೇ. ಸ್ವಾತಂತ್ರ್ಯ ಬಂದ ಮೇಲೂ, 1950ರ ಜನವರಿ 26ರವರೆಗೆ, ಕಾಗದದ ಮೇಲೆ ನಮ್ಮ ದೊರೆ. ಮಹಾಯುದ್ಧದ ಒತ್ತಡ, ಜೊತೆಗೆ ಕೈಬಿಡದ ಸಿಗರೇಟು. 1949ರಲ್ಲೇ ಕಾಲಿನ ರಕ್ತ ಸಂಚಾರದ ತೊಂದರೆಗೆ ಆಪರೇಷನ್ ಆಗಿತ್ತು.

1951ರ ಬೇಸಿಗೆಯಲ್ಲಿ ಕೆಮ್ಮು ಬಿಡಲಿಲ್ಲ. ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ಮೇಲೆ ನೆರಳು ಕಂಡಿತು. ವೈದ್ಯರು ಅದನ್ನು ಉರಿಯೂತ ಅಂದುಕೊಂಡು ಪೆನಿಸಿಲಿನ್ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಶ್ವಾಸನಾಳಕ್ಕೆ ಕೊಳವೆ ಇಳಿಸಿ ತುಣುಕು ತೆಗೆದು ನೋಡಿದಾಗಲೇ ನಿಜ ಹೊರಬಿದ್ದದ್ದು. 23ರಂದು ಸರ್ಜನ್ ಕ್ಲೆಮೆಂಟ್ ಪ್ರೈಸ್ ಥಾಮಸ್ ಬಕಿಂಗ್‌ಹ್ಯಾಮ್ ಅರಮನೆಯಲ್ಲೇ ಆ ಶ್ವಾಸಕೋಶ ತೆಗೆದರು.

ಕ್ಯಾನ್ಸರ್ ಇದೆಯಾ ಅನ್ನೋದು ಒಂದು ಪ್ರಶ್ನೆ, ಎಲ್ಲಿವರೆಗೆ ಹರಡಿದೆ ಅನ್ನೋದು ಇನ್ನೊಂದು. ಚಿಕಿತ್ಸೆ ನಿರ್ಧಾರವಾಗೋದು ಆ ಹಂತದ ಮೇಲೆ. ಆಗ ಸಿಟಿ, ಪೆಟ್ ಸ್ಕ್ಯಾನ್ ಇರಲಿಲ್ಲ. ಈಗ ಇವೆ, ಆದರೂ ಎಡವುತ್ತೇವೆ. ಟಿಬಿಯಿಂದ ಊದಿದ ದುಗ್ಧಗ್ರಂಥಿಯೂ ಪೆಟ್ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಥರಾನೇ ಹೊಳೆಯುತ್ತೆ. ಅದನ್ನೇ ಹರಡಿದ ಗುರುತು ಅಂದುಕೊಂಡರೆ, ಆಪರೇಷನ್‌ನಿಂದ ಗುಣವಾಗಬಹುದಾದ ರೋಗಿಗೆ ಆ ಅವಕಾಶ ತಪ್ಪುತ್ತೆ. ಸಣ್ಣದು ಅಂತ ಬಿಟ್ಟ ಗ್ರಂಥಿಯೊಳಗೂ ಕ್ಯಾನ್ಸರ್ ಅಡಗಿರಬಹುದು. ಇಂಜಿನಿಯರಿಂಗ್ ಓದುವಾಗ ಕಲಿತ ಪಾಠ ಇಲ್ಲೂ ಸಲ್ಲುತ್ತೆ: ಮೀಟರ್ ತೋರಿಸೋದು ಸೂಚನೆ ಮಾತ್ರ, ದೋಷ ಎಲ್ಲಿದೆ ಅಂತ ಬಿಚ್ಚಿಯೇ ನೋಡಬೇಕು. ಅನುಮಾನದ ಗ್ರಂಥಿಗೆ ಸೂಜಿ ಹಾಕಿ ಪರೀಕ್ಷಿಸೋದು ಅದಕ್ಕೇ.

ಅರಮನೆಯ ಪ್ರಕಟಣೆಯಲ್ಲಿ ಕ್ಯಾನ್ಸರ್ ಅನ್ನೋ ಪದವೇ ಇರಲಿಲ್ಲ. ಜನರಿಗಿರಲಿ, ದೊರೆಗೂ ಅದನ್ನು ಹೇಳಲಿಲ್ಲ. 1952ರ ಜನವರಿ 31ರಂದು ಪ್ರವಾಸ ಹೊರಟ ಮಗಳು ಎಲಿಜಬೆತ್‌ಳನ್ನು ವಿಮಾನ ನಿಲ್ದಾಣದಲ್ಲಿ ಬೀಳ್ಕೊಟ್ಟ. ಫೆಬ್ರವರಿ 6ರಂದು ನಿದ್ದೆಯಲ್ಲೇ ತೀರಿಕೊಂಡ, 56ನೇ ವಯಸ್ಸಿಗೆ. ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು ಅಂದರು.

ದೇಶದ ಅತ್ಯುತ್ತಮ ವೈದ್ಯರು ಸುತ್ತ ಇದ್ದ ದೊರೆಗೇ ಬೇಸಿಗೆಯ ತಿಂಗಳುಗಳು ವ್ಯರ್ಥವಾದವು. ನಮ್ಮ ದೊಡ್ಡಪ್ಪ ಬಯಾಪ್ಸಿಗಾಗಿ ಎರಡು ಜಿಲ್ಲೆ ದಾಟಿ ಬರಬೇಕಾಯ್ತು. ರಿಪೋರ್ಟ್ ಬಂದಾಗ ನಾವೂ ಅವರಿಂದ ಮುಚ್ಚಿಟ್ಟೆವು, ಧೈರ್ಯ ಕೆಡುತ್ತೆ ಅಂತ. ನಮ್ಮ ಶಾಸಕರನ್ನು ಕೇಳೋಣ: ಜಿಲ್ಲಾಸ್ಪತ್ರೆಯಲ್ಲೇ ಈ ಪರೀಕ್ಷೆ ಯಾವಾಗ? ಮನೆಯಲ್ಲಿ ನಮ್ಮನ್ನೇ ಕೇಳಿಕೊಳ್ಳೋಣ: ಅವರ ರಿಪೋರ್ಟನ್ನು ಅವರಿಗೇ ಓದಿ ಹೇಳೋದು ಯಾವಾಗ?