ಜಾರ್ಜ್ ಸಾಂಡಳ ಸ್ವಂತ ಸಂಪಾದನೆ

ಜಾರ್ಜ್ ಸಾಂಡ್ ಎಂದೊಡನೆ ನಮ್ಮ ವಿದ್ಯಾವಂತರಲ್ಲಿ ಹಲವರ ನೆನಪಿಗೆ ಬರುವುದು ಆಕೆಯ ಗಂಡುಡುಗೆ, ಚುಟ್ಟ, ಮತ್ತು ಸಂಗೀತಗಾರ ಶೋಪ್ಯಾನೊಡನೆ ಆಕೆಗಿದ್ದ ಪ್ರಣಯ. ಈ ಮೂರನ್ನು ಕುರಿತು ಬೇಕಾದಷ್ಟು, ಕೆಲವು ವೇಳೆ ಬೇಡವಾದಷ್ಟು, ಬರೆದಿದ್ದಾರೆ. ಫ್ರೆಂಚ್ ಬಾರದೆ ಇಂಗ್ಲಿಷ್ ಅನುವಾದಗಳ ಮೂಲಕವೇ ಆಕೆಯನ್ನು ಬಲ್ಲ ನನಗೆ ಇವೆಲ್ಲಕ್ಕಿಂತ ಘನವಾಗಿ ತೋರಿರುವುದು, ಆ ಕಾಲದಲ್ಲಿ ಗಂಡನಿಂದ ಬೇರೆಯಾದ ಹೆಂಗಸೊಬ್ಬಳು ತನ್ನ ಅನ್ನವನ್ನು ತಾನೇ ದುಡಿದುಕೊಂಡ ಬಗೆ.

1804ರ ಜುಲೈ 1ರಂದು ಪ್ಯಾರಿಸಿನಲ್ಲಿ ಹುಟ್ಟಿದ ಈಕೆಯ ನಿಜವಾದ ಹೆಸರು ಒರೋರ್ ದ್ಯುಪ್ಯಾಂ. ನಾಲ್ಕು ವರ್ಷದ ಕೂಸಾಗಿದ್ದಾಗಲೇ ತಂದೆ ಕುದುರೆಯಿಂದ ಬಿದ್ದು ತೀರಿಕೊಂಡ. ಬೆರ್ರಿ ಸೀಮೆಯ ನೊಆಂ ಎಂಬ ಹಳ್ಳಿಯಲ್ಲಿ ಅಜ್ಜಿ ಸಾಕಿದಳು. 1821ರ ಕೊನೆಯಲ್ಲಿ ಅಜ್ಜಿಯೂ ಕಣ್ಣು ಮುಚ್ಚಲು, ನೊಆಂನ ಮನೆ, ಹೊಲ, ಪ್ಯಾರಿಸಿನಲ್ಲಿದ್ದ ನಾರ್ಬಾನ್ ಎಂಬ ದೊಡ್ಡ ಮನೆ ಹದಿನೇಳರ ಹುಡುಗಿಯ ಪಾಲಿಗೆ ಬಂದವು. ಮರುವರ್ಷ ಸೆಪ್ಟೆಂಬರಿನಲ್ಲಿ ಕಾಸಿಮಿರ್ ದ್ಯುದವಾಂ ಎಂಬಾತನೊಡನೆ ಮದುವೆಯಾಯಿತು. ನೆಪೋಲಿಯನ್ನನ ಸಂಹಿತೆಯ ಪ್ರಕಾರ ಹೆಂಡತಿ ಗಂಡನಿಗೆ ವಿಧೇಯಳಾಗಿರತಕ್ಕವಳು. ಆಸ್ತಿ ಅವಳದೇ ಆದರೂ ಅದರ ಆಡಳಿತ ಗಂಡನ ಕೈಗೆ ಹೋಯಿತು. ತನ್ನ ಅಜ್ಜಿಯ ಮನೆಯಲ್ಲಿ ಕುಳಿತು ತನ್ನದೇ ಹೊಲದ ವರಮಾನದಿಂದ ಕೈಖರ್ಚಿಗೆ ಬೇಕೆಂದರೆ ಆಕೆ ಗಂಡನ ಮುಖ ನೋಡಬೇಕಾಗಿತ್ತು. ಬಿಡುಗಡೆಗೆ ದಾರಿಯೂ ಇರಲಿಲ್ಲ. ಮಹಾಕ್ರಾಂತಿ ತಂದಿದ್ದ ವಿವಾಹವಿಚ್ಛೇದನವನ್ನು, ಅರಸರು ಮರಳಿ ಬಂದ ಮೇಲೆ, 1816ರಲ್ಲಿ ರದ್ದುಪಡಿಸಲಾಗಿತ್ತು.

ಎಂಟು ವರ್ಷ, ಎರಡು ಮಕ್ಕಳು. 1830ರ ಕೊನೆಯಲ್ಲಿ ಒಂದು ದಿನ ಗಂಡನ ಮೇಜಿನಲ್ಲಿ ತನ್ನ ಹೆಸರಿನ ಲಕೋಟೆಯೊಂದು ಆಕೆಯ ಕಣ್ಣಿಗೆ ಬಿತ್ತು. ತಾನು ಸತ್ತ ಮೇಲೆ ಒಡೆಯತಕ್ಕದ್ದೆಂದು ಅದರ ಮೇಲೆ ಬರೆದಿದ್ದ. ಆಕೆ ಕಾಯಲಿಲ್ಲ, ಒಡೆದಳು. ಒಳಗಿದ್ದುದೆಲ್ಲ ಹೆಂಡತಿಯ ಮೇಲಿನ ಬೈಗುಳ. ಅಲ್ಲಿಗೆ ನಿಶ್ಚಯ ಮುಗಿಯಿತು. ವರ್ಷಕ್ಕೆ 3000 ಫ್ರಾಂಕ್, ವರ್ಷದಲ್ಲಿ ಅರ್ಧ ಕಾಲ ಪ್ಯಾರಿಸಿನಲ್ಲಿ ವಾಸ ಎಂದು ಒಪ್ಪಂದ ಮಾಡಿಕೊಂಡು 1831ರ ಜನವರಿಯಲ್ಲಿ ಹೊರಟೇಬಿಟ್ಟಳು. ಗಮನಿಸಬೇಕಾದ್ದೆಂದರೆ, ಆ ಮೂರು ಸಾವಿರವೂ ಆಕೆಯ ಆಸ್ತಿಯಿಂದಲೇ ಬರತಕ್ಕದ್ದು.

ಅದು ಸಾಲದು. ಸೇನ್ ನದಿಯ ದಂಡೆಯ ಅಟ್ಟದ ಮನೆಯೊಂದರಲ್ಲಿ ಬಿಡಾರ ಹೂಡಿದ ಆಕೆ ಅದಕ್ಕೂ ಮೊದಲೇ, ಅಂಥ ಹೊತ್ತಿನಲ್ಲಿ ಯಾವ ಹೆಂಗಸಾದರೂ ನೆನೆಯಬಹುದಾದ ಕಸುಬುಗಳನ್ನೆಲ್ಲ ಒಂದೊಂದಾಗಿ ಲೆಕ್ಕ ಹಾಕಿ ನೋಡಿದ್ದಳು. ಅನುವಾದ ಮಾಡೋಣವೆಂದರೆ ತನ್ನ ಕೈ ನಿಧಾನ. ಪೆನ್ಸಿಲಿನಲ್ಲಿ ಮುಖಚಿತ್ರ ಬರೆಯೋಣವೆಂದರೆ ಹೋಲಿಕೆ ಬರುತ್ತಿತ್ತು, ಹೊಸತನ ಬರುತ್ತಿರಲಿಲ್ಲ. ಹೊಲಿಗೆ ಬೇಗ ಸಾಗುತ್ತಿತ್ತು, ಆದರೆ ಕಣ್ಣು ಸಾಲದು, ಕೂಲಿಯೂ ಅಷ್ಟಕ್ಕಷ್ಟೆ. ನಶ್ಯದ ಡಬ್ಬಿ, ಚುಟ್ಟದ ಪೆಟ್ಟಿಗೆಗಳ ಮೇಲೆ ಹೂವು ಹಕ್ಕಿಗಳನ್ನು ಬಿಡಿಸುವುದರಲ್ಲಿ ಒಂದಿಷ್ಟು ಆಸೆ ಹುಟ್ಟಿತ್ತು. ಅದೂ ಹೊಟ್ಟೆ ತುಂಬಿಸುವ ವಿದ್ಯೆಯಲ್ಲ. ಆ ಪ್ರಸಿದ್ಧವಾದ ಗಂಡುಡುಗೆಯೂ ಈ ಲೆಕ್ಕದ ಪುಸ್ತಕಕ್ಕೇ ಸೇರಿದ್ದೆಂಬುದನ್ನು ಕಥೆಗಾರರು ಮರೆಯುತ್ತಾರೆ. ಪ್ಯಾರಿಸಿನ ಕೆಸರಿನಲ್ಲಿ ಹೆಂಗಸರ ತೆಳು ಪಾದರಕ್ಷೆ ಎರಡು ದಿನ ಬಾಳುತ್ತಿರಲಿಲ್ಲ. ನಾಟಕಶಾಲೆಯಲ್ಲಿ ಅಗ್ಗದ ಜಾಗ ಗಂಡಸರಿಗೆ ಮೀಸಲು. ಒಂದು ದಪ್ಪ ಕೋಟು, ಲಾಳ ಹೊಡೆದ ಬೂಟು ಎರಡೂ ಖರ್ಚನ್ನು ಉಳಿಸಿದವು.

ಕೊನೆಗೆ ತನ್ನ ಸೀಮೆಯವನೇ ಆದ ಲಾತೂಶ್ ಎಂಬ ಸಂಪಾದಕ ತನ್ನ 'ಫಿಗಾರೊ' ಪತ್ರಿಕೆಯಲ್ಲಿ ಕೆಲಸ ಕೊಟ್ಟ, ಅಂಕಣಕ್ಕೆ 7 ಫ್ರಾಂಕಿನಂತೆ. ಸಣ್ಣ ಚೀಟಿಗಳ ಮೇಲೆ ಚುರುಕಾಗಿ ನಾಲ್ಕು ಸಾಲು ಗೀಚಬೇಕು. ಅದೇ ಆಕೆಗೆ ಬಾರದು; ಮಾತು ಹೊಮ್ಮುವ ಹೊತ್ತಿಗೆ ಕಾಗದ ಮುಗಿದಿರುತ್ತಿತ್ತು. ಪತ್ರಿಕೆಗೆ ಒಗ್ಗದ ಈ ಉದ್ದವೇ ಕಾದಂಬರಿಗೆ ಒಗ್ಗಿತು. ಅತ್ತೆ ಬ್ಯಾರನೆಸ್ ದ್ಯುದವಾಂ ತಮ್ಮ ಮನೆತನದ ಹೆಸರು ಪುಸ್ತಕದ ರಕ್ಷಾಪುಟದ ಮೇಲೆ ಬರಕೂಡದೆಂದು ಮೊದಲೇ ತಾಕೀತು ಮಾಡಿದ್ದಳು. 1832ರಲ್ಲಿ 'ಇಂಡಿಯಾನಾ' ಹೊರಬಂದಾಗ ಅದರ ಮೇಲಿದ್ದುದು ಸಾಂಡ್ ಎಂಬ ಹೆಸರು. ಅತ್ತೆಯ ಅಹಂಕಾರದಿಂದ ಸಾಹಿತ್ಯಕ್ಕೆ ಇಷ್ಟು ಉಪಕಾರವಾದದ್ದು ಅಪರೂಪ. ಪುಸ್ತಕ ಗೆದ್ದಿತು; ಪ್ರಕಾಶಕರು ಹುಡುಕಿಕೊಂಡು ಬರತೊಡಗಿದರು.

ಆದರೆ ಗಳಿಕೆ ಬಂದರೂ ಮನೆ ಗಂಡನ ವಶದಲ್ಲೇ ಇತ್ತು. 1835ರ ಅಕ್ಟೋಬರಿನಲ್ಲಿ ನೊಆಂನಲ್ಲಿ ಅತಿಥಿಗಳೆದುರಿಗೇ ಜಗಳ ಹತ್ತಿ, ಕಾಸಿಮಿರ್ ಬಂದೂಕಕ್ಕೆ ಕೈ ಹಾಕಿದ. ಆಕೆ ಲಾ ಶಾತ್ರ್‌ನ ನ್ಯಾಯಾಲಯದಲ್ಲಿ ಪ್ರತ್ಯೇಕ ವಾಸಕ್ಕೆ ದಾವೆ ಹೂಡಿದಳು. ವಿಚ್ಛೇದನವಿಲ್ಲದ ನಾಡಿನಲ್ಲಿ ಅದೊಂದೇ ಬಾಗಿಲು. ಮಿಶೆಲ್ ದ ಬೂರ್ಜ್ ಆಕೆಯ ವಕೀಲ. ಅಲ್ಲಿ ಗೆಲುವಾಯಿತು, ಮೇಲಿನ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಸಮಸಮವಾಗಿ ಒಡೆದರು, 1836ರ ಜುಲೈನಲ್ಲಿ ಕಾಸಿಮಿರ್ ರಾಜಿಗೆ ಬಂದ. ನೊಆಂ ಆಕೆಗೆ ಉಳಿಯಿತು. ಪ್ಯಾರಿಸಿನ ಮನೆಯ ಬಾಡಿಗೆ ಅವನಿಗೆ ಹೋಯಿತು. ಮುಂದಿನ ವರ್ಷವೇ ಅವನು ಮಗಳು ಸೊಲಾಂಜ್‌ಳನ್ನು ಹೊತ್ತೊಯ್ದಾಗ, ತಾಯಿ ಅಧಿಕಾರಿಗಳನ್ನು ಜೊತೆಗೆ ಕರೆದುಕೊಂಡು ಹೋಗಿ ಬಿಡಿಸಿ ತರಬೇಕಾಯಿತು. ಪ್ಯಾರಿಸಿನ ಮನೆಯನ್ನು ಹಣ ತೆತ್ತು ಬಿಡಿಸಿಕೊಂಡದ್ದು ಆಮೇಲೆ. ಅಜ್ಜಿ ಕೊಟ್ಟ ಮನೆಯನ್ನು ಮೊಮ್ಮಗಳು ಗಂಡನಿಂದ ಕೊಳ್ಳಬೇಕಾಯಿತೆಂಬುದನ್ನು ಓದಿದಾಗಲೆಲ್ಲ ನಾನು ಪುಟ ತಿರುವದೆ ಅಲ್ಲೇ ನಿಲ್ಲುತ್ತೇನೆ.

ಅಲ್ಲಿಂದ ನಲವತ್ತು ವರ್ಷ ಆಕೆ ರಾತ್ರಿಯ ಹೊತ್ತು, ಮನೆಯೆಲ್ಲ ಮಲಗಿದ ಮೇಲೆ, ಬೆಳಗಿನ ಜಾವದವರೆಗೆ ಬರೆದಳು. ಕಾದಂಬರಿಗಳೇ ಎಪ್ಪತ್ತರ ಹತ್ತಿರ. ಎಲ್ಲವೂ ಒಂದೇ ಮಟ್ಟದವೆಂದು ನಾನು ಹೇಳಲಾರೆ. ಹಲವನ್ನು ಸಾಲವೇ ಬರೆಯಿಸಿದ್ದು. ಆದರೆ ಆ ಲೇಖನಿಯಿಂದ ಮಕ್ಕಳು, ಸ್ನೇಹಿತರು, ಹಳ್ಳಿಯ ಬಡವರು ಬದುಕಿದರು. 1847ರಲ್ಲಿ ಸೊಲಾಂಜ್ ಶಿಲ್ಪಿ ಕ್ಲೆಸ್ಯಾಂಜೆಯನ್ನು ಮದುವೆಯಾದಾಗ ಬಿಡಿಸಿಕೊಂಡ ಮನೆಯನ್ನೇ ವರದಕ್ಷಿಣೆಯಾಗಿ ಕೊಟ್ಟಳು. ಅಳಿಯನ ಸಾಲಕ್ಕೆ ಅದು ಹೊರಟುಹೋಯಿತು. ಆ ಮದುವೆಯೂ ನಿಲ್ಲಲಿಲ್ಲ. ತನ್ನ ಬಾಳಿನಲ್ಲಿ ಗೆದ್ದದ್ದನ್ನು ಮಗಳ ಬಾಳಿನಲ್ಲಿ ಸೋತಳು.

1848ರ ಕ್ರಾಂತಿಯಲ್ಲಿ ಕೆಲವು ಸ್ತ್ರೀಯರು ಆಕೆಯನ್ನು ಚುನಾವಣೆಗೆ ನಿಲ್ಲಿಸಲು ಬಯಸಿದರು, ಆಕೆ ನಿರಾಕರಿಸಿದಳು. ಮನೆಯೊಳಗೆ ಗಂಡನ ಅಧೀನಳಾದವಳಿಗೆ ಮತ ಕೊಟ್ಟು ಏನು ಫಲ, ಮೊದಲು ಮದುವೆಯ ಕಾನೂನು ಬದಲಾಗಲಿ ಎಂಬುದು ಆಕೆಯ ವಾದ. ಇದಕ್ಕಾಗಿ ಆಕೆಯನ್ನು ದೂರಿದವರು ಅಂದೂ ಇದ್ದರು, ಇಂದೂ ಇದ್ದಾರೆ. ದೂರು ನ್ಯಾಯವೇ ಇರಬಹುದು. ವಾದ ಹುಟ್ಟಿದ್ದು ಎಲ್ಲಿಂದ ಎಂಬುದನ್ನು ಮಾತ್ರ ನಾವು ಬಲ್ಲೆವು.

ಇತ್ತ ಕಾಸಿಮಿರ್ 1869ರಲ್ಲಿ ಚಕ್ರವರ್ತಿಗೆ ಅರ್ಜಿ ಬರೆದು, ತಾನು ದಾಂಪತ್ಯದಲ್ಲಿ ಅನುಭವಿಸಿದ ದುರ್ದೈವವನ್ನೂ ಕಾರಣವಾಗಿ ತೋರಿಸಿ ರಾಜಪದಕ ಬೇಡಿದ. ಪದಕ ಬರಲಿಲ್ಲ. 1871ರಲ್ಲಿ ತೀರಿಕೊಂಡ, ಅಂದಿನವರೆಗೂ ಕಾನೂನಿನ ಕಣ್ಣಿಗೆ ಆಕೆ ಅವನ ಹೆಂಡತಿಯೇ. ಫ್ರಾನ್ಸಿನಲ್ಲಿ ವಿಚ್ಛೇದನ ಮರಳಿ ಬಂದದ್ದು 1884ರಲ್ಲಿ, ಮದುವೆಯಾದ ಹೆಂಗಸಿಗೆ ತನ್ನ ದುಡಿಮೆಯ ಹಣದ ಮೇಲೆ ಹಕ್ಕು ದೊರೆತದ್ದು 1907ರಲ್ಲಿ. ಜಾರ್ಜ್ ಸಾಂಡ್ 1876ರ ಜೂನ್ 8ರಂದು ನೊಆಂನ ತನ್ನ ಮನೆಯಲ್ಲಿ ಕಣ್ಣು ಮುಚ್ಚಿದಾಗ, ಕಾದಂಬರಿಯೊಂದು ಅರ್ಧಕ್ಕೇ ನಿಂತಿತ್ತು.