ಫ್ಯಾನ್ ಇಲ್ಲದ ಫ್ರಿಜ್ ಮಾಡಿದ ಮುಂಟರ್ಸ್

ಥರ್ಮೋ ಪರೀಕ್ಷೆಗೆ ನಾವೆಲ್ಲ ಎಲೆಕ್ಟ್ರೋಲಕ್ಸ್ ರೆಫ್ರಿಜರೇಟರ್ ಚಿತ್ರ ಬಿಡಿಸ್ತೀವಿ. ಬಾಣದ ಗುರುತು ಸರಿಯಾಗಿದ್ರೆ ಮಾರ್ಕ್ಸ್, ಅಲ್ಲಿಗೆ ಮುಗೀತು. ಆ ಚಿತ್ರದ ಹಿಂದಿರೋರಲ್ಲಿ ಒಬ್ಬರು ಕಾರ್ಲ್ ಮುಂಟರ್ಸ್, 1897ರಲ್ಲಿ ಸ್ವೀಡನ್‌ನಲ್ಲಿ ಹುಟ್ಟಿದವರು.

1922ರಲ್ಲಿ ಮುಂಟರ್ಸ್ ಮತ್ತು ಅವರ ಗೆಳೆಯ ಬಾಲ್ಟ್ಸರ್ ಫಾನ್ ಪ್ಲಾಟೆನ್ ಇಬ್ಬರೂ ಸ್ಟಾಕ್‌ಹೋಮ್‌ನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ವಿದ್ಯಾರ್ಥಿಗಳು. ಅಂದ್ರೆ ನಮ್ಮ ಹಾಗೇ ಪ್ರಾಜೆಕ್ಟ್ ಮಾಡೋ ವಯಸ್ಸು. ಅವರು ಮಾಡಿದ್ದು ಮಾತ್ರ ಕಂಪ್ರೆಸರ್, ಪಂಪ್, ಫ್ಯಾನ್ ಒಂದೂ ಇಲ್ಲದ ಫ್ರಿಜ್. ಕೆಳಗೆ ಸಣ್ಣ ಉರಿ ಹಚ್ಚಿದ್ರೆ ಮೇಲೆ ಐಸ್!

ಮಾಯ ಏನಿಲ್ಲ, ಪಿಯುಸಿಯಲ್ಲಿ ಓದಿದ ಡಾಲ್ಟನ್ ನಿಯಮ. ಕೊಳವೆಯೊಳಗೆ ಅಮೋನಿಯಾ, ನೀರು, ಜೊತೆಗೆ ಹೈಡ್ರೋಜನ್. ಒಟ್ಟು ಒತ್ತಡ ಎಲ್ಲಾ ಕಡೆ ಸುಮಾರು ಒಂದೇ. ಆದ್ರೆ ಹೈಡ್ರೋಜನ್ ಇರೋ ಕಡೆ ಅಮೋನಿಯಾದ ಪಾಲಿನ ಒತ್ತಡ ಕಡಿಮೆ. ಹಾಗಾಗಿ ಅದು ಅಲ್ಲಿ ಆವಿಯಾಗಿ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತೆ. ಆಮೇಲೆ ನೀರು ಅಮೋನಿಯಾವನ್ನು ಕುಡಿಯುತ್ತೆ, ಉರಿ ಅದನ್ನು ಮತ್ತೆ ಬಿಡಿಸುತ್ತೆ, ಕುದಿಯುವ ಗುಳ್ಳೆಗಳೇ ದ್ರವವನ್ನು ಮೇಲಕ್ಕೆತ್ತುತ್ತವೆ. ಕೊನೆಗೆ ಕಂಡೆನ್ಸರ್‌ನಲ್ಲಿ ಅಮೋನಿಯಾ ತನ್ನ ಬಿಸಿ ಬಿಟ್ಟು ಮತ್ತೆ ದ್ರವವಾಗಬೇಕು. ಎಲ್ಲಾ ನಿಂತಿರೋದು ಈ ಒಂದು ಹೆಜ್ಜೆಯ ಮೇಲೆ.

1925ರಲ್ಲಿ ಎಲೆಕ್ಟ್ರೋಲಕ್ಸ್ ಇದನ್ನು ಕೊಂಡುಕೊಂಡಿತು. ಐನ್‌ಸ್ಟೈನ್ ಮತ್ತು ಸಿಲಾರ್ಡ್ ಕೂಡ ಚಲಿಸುವ ಭಾಗಗಳಿಲ್ಲದ ಫ್ರಿಜ್‌ಗೆ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು, ಆದ್ರೆ ಮನೆಮನೆಗೆ ಹೋಗಿದ್ದು ಈ ಇಬ್ಬರು ಹುಡುಗರದ್ದೇ. (ನಮಗಂತೂ ಇದು ಓದಿ ಖುಷಿಯಾಯ್ತು.)

ಮೊದಲಿನ ಮಾದರಿಗಳಿಗೆ ನಲ್ಲಿ ನೀರು ಬೇಕಿತ್ತು, ಕಂಡೆನ್ಸರ್ ತಂಪು ಮಾಡೋಕೆ. 1930ರ ದಶಕದ ಆರಂಭದಲ್ಲಿ ಗಾಳಿಯಿಂದಲೇ ತಂಪಾಗುವ ಫ್ರಿಜ್ ಬಂತು. ನಲ್ಲಿಯ ಹಂಗು ತಪ್ಪಿದ್ದರಿಂದಲೇ ಅದು ಮುಂದೆ ಕ್ಯಾರವಾನ್ ಏರಿತು, ಕರೆಂಟ್ ಇಲ್ಲದ ಊರುಗಳಲ್ಲಿ ಸೀಮೆಎಣ್ಣೆ ಉರಿಯ ಮೇಲೆ ಲಸಿಕೆ ಕಾಯಿತು. ಆದ್ರೆ ನೀರಿನ ಕೆಲಸ ಈಗ ಗಾಳಿಯ ಮೇಲೆ ಬಿತ್ತು.

ಸ್ವೀಡನ್‌ನ ಗಾಳಿ ಬೇರೆ, ನಮ್ಮ ರಾಯಚೂರಿನ ಗಾಳಿ ಬೇರೆ. ಅಂಥ ಕ್ಯಾರವಾನೊಂದು ಮೇ ತಿಂಗಳಲ್ಲಿ ದೇವದುರ್ಗದಿಂದ ಮಾನ್ವಿಗೆ ಹೊರಟಿದೆ ಅಂದ್ಕೊಳ್ಳಿ. ಕೆಳಗಿನ ಕಿಂಡಿಯಿಂದ ಗಾಳಿ ಬಂದು, ಬಿಸಿಯಾಗಿ, ಮೇಲಿನ ಕಿಂಡಿಯಿಂದ ತಾನಾಗೇ ಹೋಗಬೇಕು. ಹೊರಗೇ 42 ಡಿಗ್ರಿ ಇದ್ದಾಗ ಕಂಡೆನ್ಸರ್‌ಗೂ ಗಾಳಿಗೂ ಅಂತರ ಉಳಿಯೋದೇ ಕಡಿಮೆ. ಬಿಸಿ ಗಾಳಿ ಫ್ರಿಜ್ ಬೆನ್ನಿಗೇ ಅಂಟಿಕೊಂಡು ಕೂರುತ್ತೆ, ಅಮೋನಿಯಾ ಪೂರ್ತಿ ದ್ರವವಾಗಲ್ಲ. ಒಳಗೆ ಹಾಲಿದ್ರೆ ಒಡೆಯುತ್ತೆ, ಹೋಗ್ಲಿ ಬಿಡಿ. 2ರಿಂದ 8 ಡಿಗ್ರಿಯಲ್ಲೇ ಇಡಬೇಕಾದ ಇನ್ಸುಲಿನ್ ಇದ್ರೆ?

ಇದಕ್ಕೆ ಮದ್ದು ಕಂಪ್ಯೂಟರ್‌ನಲ್ಲಿರುವಂಥ 12 ವೋಲ್ಟ್ ಸಣ್ಣ ಫ್ಯಾನ್ ಒಂದೋ ಎರಡೋ. ಕಂಡೆನ್ಸರ್ ರೆಕ್ಕೆಗಳ ಹತ್ತಿರ, ಗಾಳಿಯನ್ನು ಮೇಲಿನ ಕಿಂಡಿಯ ಕಡೆಗೆ ತಳ್ಳುವಂತೆ ಕೂರಿಸಬೇಕು. ಬಿಸಿಯಾದಾಗ ಮಾತ್ರ ತಿರುಗೋಕೆ ಥರ್ಮೋಸ್ಟಾಟ್ ಸ್ವಿಚ್ ಸಾಕು. ಹಿಂದಿನ ಗೋಡೆಗೂ ರೆಕ್ಕೆಗೂ ನಡುವೆ ದೊಡ್ಡ ಸಂದು ಇದ್ರೆ ತಗಡಿನಿಂದ ಮುಚ್ಚಬೇಕು, ಇಲ್ಲಾಂದ್ರೆ ಗಾಳಿ ಸುಮ್ನೆ ಪಕ್ಕದಿಂದ ಜಾರಿ ಹೋಗುತ್ತೆ. ಗ್ಯಾಸ್ ಉರಿಯ ಮೇಲೆ ಮಾತ್ರ ಗಾಳಿ ಬೀಳಕೂಡದು. ಇನ್ನೊಂದು ವಿಷಯ, ಗಾಡಿ ಓರೆಯಾಗಿ ನಿಂತಿದ್ರೆ ದ್ರವ ಸರಿಯಾಗಿ ಇಳಿಯಲ್ಲ, ಆಗ ಎಷ್ಟು ಫ್ಯಾನ್ ಹಾಕಿದ್ರೂ ಅಷ್ಟೇ.

ಚಲಿಸುವ ಭಾಗವೇ ಇಲ್ಲ ಅನ್ನೋ ಹೆಮ್ಮೆ ಇದರಿಂದ ಸ್ವಲ್ಪ ಕಡಿಮೆಯಾಗುತ್ತೆ, ನಿಜ. ಮುಂಟರ್ಸ್ ಬೇಜಾರು ಮಾಡ್ಕೊಳ್ತಿರಲಿಲ್ಲ ಅಂತ ನಮ್ಮ ಊಹೆ. ಯಾಕಂದ್ರೆ ಅವರು ಒಂದೇ ಯಂತ್ರಕ್ಕೆ ಅಂಟಿಕೊಂಡವರಲ್ಲ. 1930ರ ದಶಕದಲ್ಲಿ ಬಿಸಿ ತಡೆಯುವ ಪಾಲಿಸ್ಟೈರೀನ್ ನೊರೆಗೆ ಪೇಟೆಂಟ್ ಪಡೆದರು, ಥರ್ಮಾಕೋಲ್‌ನ ದಾಯಾದಿ ಅನ್ನಬಹುದು. 1955ರಲ್ಲಿ ಸ್ವಂತ ಕಂಪನಿ ಶುರು ಮಾಡಿದರು. ಅವರ ಹೆಸರಿನ ಆ ಕಂಪನಿ ಇವತ್ತಿಗೂ ನೀರು ಇಳಿಸಿ ಗಾಳಿ ತಣಿಸುವ ಪ್ಯಾಡ್‌ಗಳನ್ನು ಮಾಡುತ್ತೆ. ಬೇಸಿಗೆಯಲ್ಲಿ ನಮ್ಮ ಕಿಟಕಿಗಳಲ್ಲಿ ಕೂರೋ ಕೂಲರ್‌ನ ಜೇನುಗೂಡು ಪ್ಯಾಡ್ ಇದೆಯಲ್ಲ, ಅದೇ ಜಾತಿ. ಅಲ್ಲಿ ಫ್ಯಾನ್ ಇಲ್ಲದೆ ಏನೂ ನಡೆಯಲ್ಲ.

ಮುಂಟರ್ಸ್ 1989ರಲ್ಲಿ ತೀರಿಕೊಂಡರು.